ಕೈತೂಕ

ಒಂಬತ್ತು. ಮೇಲೆ ಒಂದು ಹಿಡಿ ಇದ್ದರೆ ಇರಬಹುದು, ಅಷ್ಟೇ. ಪಾತಮ್ಮ ಬಾಗಿಲ ಬಳಿ ಕೂತಲ್ಲಿಂದಲೇ ಮಗಳನ್ನು ಎತ್ತಿ ಗಂಡನಿಗೆ ಕೊಟ್ಟ ಗಳಿಗೆಯಲ್ಲೇ ಕ್ಯಾತಣ್ಣನ ಕೈ ಹಾಗೆಂದುಬಿಟ್ಟಿತು. ಯಾರೂ ಕೇಳಿರಲಿಲ್ಲ. ಕೇಳದೆಯೂ ಹೇಳುವ ಹಾಳು ಕೈ ಅದು. ಮೀಸೆ ಚಿಗುರುವ ಮೊದಲಿನಿಂದ ಕುರಿ ಎತ್ತಿ ಎತ್ತಿ ಪಳಗಿದ್ದು. ಒಂದು ಕೈ ಎದೆಯ ಕೆಳಗೆ, ಒಂದು ಹಿಂಗಾಲ ಸಂದಿಗೆ ಕೊಟ್ಟು ಮರಿಯನ್ನು ನೆಲದಿಂದ ಗೇಣು ಎತ್ತಿದರೆ ಸಾಕು, ಹದಿನಾಲ್ಕು ಕೇಜಿ ಅಂದರೆ ಹದಿನಾಲ್ಕೇ. ಚಳ್ಳಕೆರೆ ಸಂತೆಯಲ್ಲಿ ಮರಿ ಕೊಳ್ಳುವ ಚಾಂದ್ ಪಾಷನಂಥವನೇ "ಕ್ಯಾತಣ್ಣ ಎತ್ತಿದ್ನಾ? ಹಂಗಾದ್ರೆ ತಕ್ಕಡಿ ಯಾಕ್ ಬಿಡ್ರಪ್ಪಾ" ಅನ್ನುತ್ತಿದ್ದ. ಆ ಮಾತಿಗೆ ಎದೆ ಉಬ್ಬಿಸಿಕೊಂಡು ಹಟ್ಟಿಗೆ ಬರುತ್ತಿದ್ದವನಿಗೆ ಇವತ್ತು ಅದೇ ಕೈಯನ್ನು ಕಡಿದು ಬೇಲಿಯಾಚೆ ಬಿಸಾಕೋಣ ಅನ್ನಿಸಿತು. ಆರು ತುಂಬಿ ಏಳಕ್ಕೆ ಬಿದ್ದ ಮಗಳು. ಯುಗಾದಿಯ ಆಚೀಚೆ ಹುಟ್ಟಿದ ಟಗರುಮರಿಗಳೇ ಆಗಲೇ ಹದಿನೆಂಟು ತೂಗುತ್ತಿದ್ದವು.

ಇದಕ್ಕೇ ಅವನು ನಾಲ್ಕು ವರ್ಷದಿಂದ ಮಗಳು ಸ್ವಪ್ನಳನ್ನು ಎತ್ತಿಕೊಂಡಿರಲಿಲ್ಲ. ಹಟ್ಟಿಯವರು ಬೇರೆಯೇ ತಿಳಿದಿದ್ದರು. ಕೈಕಾಲು ಸೊಟ್ಟಗಿರೋ ಕೂಸು, ಜೊಲ್ಲು ಸುರಿಸ್ತದೆ, ಗಂಡಸಿಗೆ ನಾಚಿಕೆ ಅಂತ. ಪಾತಮ್ಮನೂ ಹಾಗೇ ತಿಳಿದಿರಬೇಕು. ತಿಳಿಯಲಿ ಬಿಡು ಅಂತ ಸುಮ್ಮನಿದ್ದ. ಹತ್ತಿರ ಕೂರುತ್ತಿದ್ದ, ತಲೆ ಸವರುತ್ತಿದ್ದ, ಹೊತ್ತು ಹೊತ್ತಿಗೆ ಹಾಲು ಕುಡಿಸುವಾಗ ಗದ್ದ ಹಿಡಿಯುತ್ತಿದ್ದವನು ಅವನೇ. ಎತ್ತುವುದು ಮಾತ್ರ ಇಲ್ಲ. ಎತ್ತಿದರೆ ಕೈ ಹೇಳುತ್ತದೆ. ಕೈ ಹೇಳಿದ ಮೇಲೆ ಇಲ್ಲ ಅನ್ನಲಿಕ್ಕೆ ಬರುವುದಿಲ್ಲ. ಇವತ್ತೂ ಎತ್ತಬೇಕಾಗುತ್ತಿರಲಿಲ್ಲ. ಹಾಳಾದ್ದು, ಪಾತಮ್ಮನ ಅಂಗಾಲಿಗೆ ಬಳ್ಳಾರಿ ಜಾಲಿ ಮುಳ್ಳು ನೆಟ್ಟು, ಕೀವು ಕಟ್ಟಿ, ಪಾದ ಕುಂಬಳಕಾಯಾಗಿ ಕೂತಿತ್ತು. ಚಳ್ಳಕೆರೆಯ ಸ್ಕೂಲಿನಲ್ಲಿ ಇಂಥ ಮಕ್ಕಳಿಗಂತಲೇ ಕ್ಯಾಂಪು, ದೊಡ್ಡ ಡಾಕ್ಟ್ರು ಬರ್ತಾರೆ, ತಪ್ಪಿಸಬೇಡಿ ಅಂತ ಅಂಗನವಾಡಿ ಮಿಸ್ಸು ಮೂರು ಸಲ ಹೇಳಿ ಕಳಿಸಿದ್ದರು. ಸ್ವಪ್ನ ಅಂತ ಹೆಸರಿಟ್ಟಿದ್ದೂ ಆ ಮಿಸ್ಸೇ.

"ಬಟ್ಲು, ಚಮಚ ಇಟ್ಟೀನಿ. ಅಲ್ಲಿ ಅವರು ಹೆಂಗ್ ಹೇಳ್ತಾರೋ ಹಂಗ್ ಮಾಡು," ಅಂದಳು ಪಾತಮ್ಮ, ಚೀಲ ಮುಂದಕ್ಕೆ ತಳ್ಳುತ್ತ.

"ಚಮಚ ಯಾಕಲೇ? ಗೊಟ್ಟ ಎಲ್ಲಿ?"

ಹಾಲು ಕುಡಿಸುವ ಆ ಬಿದಿರಿನ ಗೊಟ್ಟ ಒಲೆಯ ಹಿಂದಿನ ಗೂಡಿನಲ್ಲಿತ್ತು. ಅವನೇ ತೆಗೆದು ಟವೆಲ್ಲಿನಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಹೆಂಗಸರಿಗೆ ಊರು ಬಿಟ್ಟು ಹೊರಡುವಾಗ ಯಾವುದು ಬೇಕು ಯಾವುದು ಬೇಡ ಅನ್ನೋದು ತಿಳಿಯಲ್ಲ ಅಂದುಕೊಂಡ.

ದೇವಸಮುದ್ರದಿಂದ ರಾಂಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬಳ್ಳಾರಿ ಕಡೆಯಿಂದ ಬರುವ ಚಳ್ಳಕೆರೆ ಬಸ್ಸು. ಕಿಟಕಿ ಪಕ್ಕ ಸೀಟು ಸಿಕ್ಕಿತು. ಮಗಳ ತಲೆ ಅವನ ಭುಜದ ಮೇಲೆ ನಿಲ್ಲದೆ ಹಿಂದಕ್ಕೆ ವಾಲುತ್ತಿತ್ತು. ಅಂಗೈ ಕೊಟ್ಟು ಹಿಡಿದರೆ ಕತ್ತು ಬಿಗಿದು, ಬೆನ್ನು ಬಿಲ್ಲಾಗಿ, ಕಾಲೆರಡೂ ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತಿದ್ದವು. ಪಕ್ಕೆಲುಬು ಒಂದೊಂದೂ ಬೆರಳಿಗೆ ಸಿಕ್ಕಿತು. ಬೆನ್ನುಮೂಳೆಯ ಎರಡೂ ಬದಿ ಹಳ್ಳ. ಸಂತೆಯಲ್ಲಿ ಹಿಂಗಿದ್ದ ಮರಿಯನ್ನು ಯಾರಾದರೂ ಮುಂದೆ ತಂದರೆ ಎತ್ತಿಯೂ ನೋಡದೆ ಮುಖ ತಿರುಗಿಸುತ್ತಿದ್ದ. ಛೀ, ಏನು ಯೋಚನೆ ಇದು, ಹೆತ್ತ ಮಗಳನ್ನು ತೊಡೆ ಮೇಲೆ ಇಟ್ಟುಕೊಂಡು. ಅವಳ ಎದೆಯೊಳಗೆ ಉಸಿರಿನ ಜೊತೆ ಗೊರ್ ಗೊರ್ ಅನ್ನುವ ಸದ್ದು. ಅದು ಹೊಸದಲ್ಲ, ಮುಂಗಾರಿನಿಂದಲೂ ಇತ್ತು. ಆರು ತುಂಬಿದ ಮಕ್ಕಳಿಗೆ ಅರ್ಧ ಟಿಕೆಟ್ಟು. ಕಂಡಕ್ಟರು ಕೇಳಲಿ ಅಂತ ಕ್ಯಾತಣ್ಣ ಕಾದ. ಕೇಳಿದರೆ ಕೊಡಬೇಕು ಅಂತ ಚಿಲ್ಲರೆ ಬೇರೆಯೇ ಹಿಡಿದುಕೊಂಡಿದ್ದ. ಅವನು ಒಂದೇ ಟಿಕೆಟ್ಟು ಹರಿದು ಮುಂದಿನ ಸೀಟಿಗೆ ಹೋದ. ಕೂಗಿ ಕರೆದು, ಇವಳಿಗೂ ಕೊಡಪ್ಪಾ, ಇವಳಿಗೆ ಆರು ತುಂಬೈತೆ ಅನ್ನಬೇಕೆಂದು ಬಾಯಿಗೆ ಬಂತು. ಬಸ್ಸಿನವರೆಲ್ಲ ತಿರುಗಿ ನೋಡುವುದನ್ನು ನೆನೆಸಿಕೊಂಡು ನುಂಗಿಕೊಂಡ. ಪಕ್ಕದಲ್ಲಿ ಕೂತ ರಾಯದುರ್ಗದ ಕಡೆಯ ಮುದುಕಿ ಬಗ್ಗಿ ನೋಡಿ, "ಪಾಪಂ, ಎಷ್ಟು ತಿಂಗಳಣ್ಣಾ ಕೂಸಿಗೆ?" ಅಂದಳು.

"ಎರಡು ವರ್ಷ," ಅಂದ ಕ್ಯಾತಣ್ಣ.

ಸ್ವಪ್ನ ಅವನ ಮುಖವನ್ನೇ ನೋಡುತ್ತಿದ್ದಳು. ಮಾತು ಬಾರದಿದ್ದರೂ ಅವಳಿಗೆ ಎಲ್ಲ ತಿಳಿಯುತ್ತದೆ ಅಂತ ಪಾತಮ್ಮ ಹೇಳುತ್ತಿದ್ದಳು. ಏನು ತಿಳಿಯುತ್ತೋ ಮಣ್ಣು, ಅಂತ ಅವನು ಅನ್ನುತ್ತಿದ್ದ. ಈಗ ಆ ಕಣ್ಣಿಗೆ ಕಣ್ಣು ಕೊಡಲಾರದೆ ಕಿಟಕಿಯಾಚೆ ನೋಡಿದ. ಕಲ್ಲುಗುಡ್ಡ, ಕುರುಚಲು, ಶೇಂಗಾ ಹೊಲ, ಮತ್ತೆ ಕಲ್ಲುಗುಡ್ಡ.

ಬೇಕಂತ ಯಾರು ಮಾಡುತ್ತಾರೆ? ಒಂದೂವರೆ ವರ್ಷದ ಕೂಸಾಗಿದ್ದಾಗ ಬಾಯಿಗಿಟ್ಟ ಹಾಲೆಲ್ಲ ಕಟಬಾಯಿಂದ ಸುರಿದು ಹೋಗುತ್ತಿತ್ತು. ನಾಲಿಗೆ ಹೊರಕ್ಕೇ ತಳ್ಳುತ್ತಿತ್ತು. ಪಾತಮ್ಮ ಒಂದು ಲೋಟ ಹಾಲಿಗೆ ಎರಡು ತಾಸು ಕೂತು, ಸೀರೆಯೆಲ್ಲ ಒದ್ದೆ ಮಾಡಿಕೊಂಡು, ಕೊನೆಗೆ ತಾನೂ ಅಳುತ್ತಿದ್ದಳು. ಆಗ ಅವನಿಗೆ ಹೊಳೆದದ್ದು ಗೊಟ್ಟ. ತಾಯಿ ಸತ್ತ ಮರಿಗಳಿಗೆ ಅವನಪ್ಪ ಹಾಲು ಕುಡಿಸುತ್ತಿದ್ದದ್ದು ಬಿದಿರಿನ ಆ ನಳಿಗೆಯಲ್ಲೇ. ಮರಿಯ ಗದ್ದ ಮೇಲಕ್ಕೆತ್ತಬೇಕು, ದವಡೆಯ ಸಂದಿಗೆ ಗೊಟ್ಟದ ಬಾಯಿ ಇಡಬೇಕು, ಬಗ್ಗಿಸಬೇಕು. ನುಂಗದೆ ಎಲ್ಲಿಗೆ ಹೋಗುತ್ತದೆ! ಹಾಗೆ ಉಳಿಸಿಕೊಂಡ ಮರಿಗಳು ಒಂದೆರಡಲ್ಲ. ರಾಂಪುರದಿಂದ ಎಳೆ ಬಿದಿರು ತಂದು, ತುದಿಯನ್ನು ಓರೆಯಾಗಿ ಕೊಯ್ದು, ಗಾಜಿನ ಚೂರಿನಲ್ಲಿ ಎರಡು ದಿನ ಹೆರೆದು, ಕೂಸಿನ ಒಸಡಿಗೆ ಸಿಬಿರು ತಾಗಬಾರದೆಂದು ಎಣ್ಣೆಯಲ್ಲಿ ನೆನೆಸಿ, ತನ್ನ ತುಟಿಗೇ ಉಜ್ಜಿ ನೋಡಿದ್ದ. ಅಷ್ಟು ಪ್ರೀತಿಯಿಂದ ಅವನು ಜೀವಮಾನದಲ್ಲಿ ಇನ್ನೊಂದು ವಸ್ತು ಮಾಡಿರಲಿಲ್ಲ. ಮೊದಲ ದಿನ ಒಂದು ಲೋಟ ಹಾಲು ಅರ್ಧ ಗಳಿಗೆಯಲ್ಲಿ ಖಾಲಿ. ಒಂದು ಹನಿ ನೆಲಕ್ಕಿಲ್ಲ. ಕೂಸು ಕೆಮ್ಮಿತು, ಮುಖ ಕೆಂಪಾಯಿತು. ಮರಿಗಳೂ ಕೆಮ್ಮುತ್ತವೆ, ರೂಢಿಯಾದರೆ ಸರಿಹೋಗುತ್ತದೆ ಅಂದಿದ್ದ.

ಪಾತಮ್ಮ ಒಂದು ಸಲ ಬೇಡ ಅಂದಿದ್ದಳು. ಹೋದ ವರ್ಷವೋ ಅದರ ಹಿಂದಿನ ವರ್ಷವೋ. ಕುರಿ ಹೊಡೆದುಕೊಂಡು ಹಟ್ಟಿಗೆ ಬಂದರೆ, ಕೂಸನ್ನು ತೊಡೆ ಮೇಲೆ ನೆಟ್ಟಗೆ ಕೂರಿಸಿಕೊಂಡು ಬೆರಳಲ್ಲಿ ರಾಗಿ ಅಂಬಲಿ ತಿನ್ನಿಸುತ್ತಿದ್ದಳು. ಅರ್ಧ ಬಾಯಿಗೆ, ಅರ್ಧ ಮೈಮೇಲೆ. "ಇದಕ್ಕೆ ಗೊಟ್ಟ ಆಗಲ್ಲ, ಉಸಿರು ಕಟ್ಟುತ್ತೆ, ಬ್ಯಾಡ" ಅಂದಳು. ಅಂಬಲಿ ಮಣ್ಣು ಪಾಲಾಗಿದ್ದು ಕಂಡು, ಬಿಸಿಲಲ್ಲಿ ಅಲೆದು ಬಂದ ತಲೆಗೆ ರೇಗಿತು. ಮಗಿನ ಹೊಟ್ಟೆಗೆ ಹಾಕೋಕೂ ಬರಲ್ವಾ ನಿನಗೆ, ತಾಯಿ ಅಂತೆ ತಾಯಿ, ಅಂದು ಒಂದು ಕೊಟ್ಟಿದ್ದ. ಒಂದೇ ಏಟು. ಅದನ್ನು ಅವನು ಆಗಾಗ ಲೆಕ್ಕ ಹಾಕಿಕೊಳ್ಳುತ್ತಿದ್ದ: ಒಂದೇ, ಅದೂ ಮಗಳ ಸಲುವಾಗಿ. ಆಮೇಲೆ ಅವಳು ಚಕಾರ ಎತ್ತಲಿಲ್ಲ. ವರ್ಷದ ಅರ್ಧ ತಾನು ಕುರಿಯ ಹಿಂದೆ ಸಿರುಗುಪ್ಪದ ಕಡೆ ಇರುವಾಗಲೂ ಅವಳು ಗೊಟ್ಟದಲ್ಲೇ ಕುಡಿಸುತ್ತಾಳೆ ಅಂದುಕೊಂಡಿದ್ದ.

ಸ್ಕೂಲಿನ ಜಗಲಿಯಲ್ಲಿ ಸಾಲಾಗಿ ತಾಯಂದಿರು. ಗಂಡಸು ಅಂತ ಅವನೊಬ್ಬನೇ. ಹೆಂಗಸರು ಸೆರಗು ಸರಿಮಾಡಿಕೊಂಡು ಒಂದಿಷ್ಟು ಜಾಗ ಬಿಟ್ಟರು. ಯಾರೋ "ಅವ್ವ ಇಲ್ವೇನೋ ಪಾಪ ಆ ಕೂಸಿಗೆ" ಅಂದದ್ದು ಕೇಳಿಸಿತು. ಇದಾಳೆ ಕಣ್ರವ್ವಾ, ಕಾಲು ನೋವು, ಅಂತ ಹೇಳಬಹುದಿತ್ತು, ಹೇಳಲಿಲ್ಲ. ತಲೆಗೆ ದುಪಟ್ಟ ಹೊದ್ದ ಒಬ್ಬ ಹುಡುಗಿ ಬಂದು ಹೆಸರು ಬರೆದುಕೊಂಡಳು. ಬುಶ್ರಾ ಅಂತೆ, ಊರಿನ ಮೆಕ್ಯಾನಿಕ್ ಒಬ್ಬರ ಮಗಳು, ಇಂಥ ಮಕ್ಕಳಿಗೆ ಕೈಕಾಲು ಆಡಿಸುವುದು, ಉಣ್ಣಿಸುವುದು ಕಲಿತು ಬಂದಿದ್ದಾಳೆ. ಸ್ವಪ್ನಳನ್ನು ಮಲಗಿಸಿ ಎತ್ತರ ಅಳೆಯಲು ನೋಡಿದರು. ಸೊಟ್ಟ ಕಾಲು ನೆಟ್ಟಗಾಗಲಿಲ್ಲ. ಮೊಣಕಾಲಿಂದ ಹಿಮ್ಮಡಿಗೆ ಟೇಪು ಹಿಡಿದು, ಅದರ ಮೇಲೆ ಎತ್ತರ ಲೆಕ್ಕ ಹಾಕಿದರು. ತೋಳಿಗೆ ಬಣ್ಣದ ಪಟ್ಟಿ ಸುತ್ತಿದರು. ಅಪಾಯದ ಕೆಂಪು ದಾಟಿ ಇನ್ನೂ ಒಳಕ್ಕೆ ಹೋಯಿತು. ಆಮೇಲೆ ತೂಕ.

"ಅಣ್ಣಾ, ಮಗು ತಾನಾಗಿ ನಿಲ್ಲಲ್ಲ ಅಲ್ವಾ. ಮೊದಲು ನೀವು ನಿಲ್ಲಿ. ಆಮೇಲೆ ಎತ್ತಿಕೊಂಡು ನಿಲ್ಲಿ. ನಿಮ್ಮನ್ನ ಕಳೆದ್ರೆ ಮಗುದು ಉಳಿಯುತ್ತೆ," ಅಂದಳು ಬುಶ್ರಾ.

ನಿಂತ. ಐವತ್ತೆರಡು. ಎತ್ತಿಕೊಂಡು ನಿಂತ. ಮುಳ್ಳು ತೊನೆದಾಡಿ ನಿಲ್ಲುವ ಮೊದಲೇ ಅವನ ಬಾಯಿಂದ "ಒಂಬತ್ತು, ಮೇಲೆ ಕಾಲು" ಅಂತ ಬಂದುಬಿಟ್ಟಿತು. ಬುಶ್ರಾ ಬಗ್ಗಿ ನೋಡಿದಳು. ಅರವತ್ತೊಂದು ಕಾಲು. "ಅರೆ, ಸರಿಯಾಗಿ ಹೇಳಿದ್ರಲ್ಲಣ್ಣಾ! ಮುಂಚೆ ತೂಗಿಸಿದ್ರಾ?" ಸಂತೆಯಲ್ಲಾಗಿದ್ದರೆ ನಾಲ್ಕು ಜನ ಭುಜ ತಟ್ಟುತ್ತಿದ್ದರು. ಇಲ್ಲಿ ತಲೆ ಬಗ್ಗಿಸಿಕೊಂಡು ಇಳಿದ.

ಡಾಕ್ಟರು ಬೋಳುತಲೆಯ ದೊಡ್ಡ ಮನುಷ್ಯರು, ಬೆಳಗ್ಗೆಯಿಂದ ನೋಡಿ ನೋಡಿ ಸುಸ್ತಾದಂತಿದ್ದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೇಗೆ ಉಣ್ಣಿಸ್ತೀರಿ ಅಂತ ಕೇಳಿದ್ದೇ ತಡ, ಅವನು ಚೀಲದಿಂದ ಟವೆಲ್ಲು ಬಿಚ್ಚಿ ಗೊಟ್ಟ ತೆಗೆದು ಮೇಜಿನ ಮೇಲಿಟ್ಟ. ಅದನ್ನು ನೋಡಿದರೆ ಇವರೂ ಮೆಚ್ಚುತ್ತಾರೆ ಅಂತ ಒಳಗೆಲ್ಲೋ ಇತ್ತು. ಗದ್ದ ಮೇಲಕ್ಕೆತ್ತಿ ತೋರಿಸಿದ.

"ಕುರಿಗೆ ಹಾಕೋದನ್ನ ಮಗುಗೆ ಹಾಕ್ತೀರೇನಯ್ಯಾ?" ಡಾಕ್ಟರು ಗೊಟ್ಟವನ್ನು ಎತ್ತಿ ಪಕ್ಕದವರಿಗೆ ತೋರಿಸಿದರು. "ಈ ಮಕ್ಕಳಿಗೆ ನುಂಗೋದೇ ಕಷ್ಟ. ತಲೆ ಹಿಂದಕ್ಕೆ ಮಾಡಿ ಹುಯ್ದರೆ ಹೊಟ್ಟೆಗೆ ಹೋಗಲ್ಲ, ಶ್ವಾಸಕೋಶಕ್ಕೆ ಹೋಗುತ್ತೆ. ಎದೆ ತುಂಬ ಅದೇ ಸದ್ದು. ಒಳಗೆ ಇಳಿದದ್ದು ಸ್ವಲ್ಪ, ಕೆಮ್ಮಿ ಕೆಮ್ಮಿ ಕರಗಿದ್ದು ಜಾಸ್ತಿ. ಯಾರು ಕಲಿಸಿದ್ದು ಇದನ್ನ?"

ಸಾಲಿನಲ್ಲಿದ್ದ ತಾಯಂದಿರೆಲ್ಲ ಅವನನ್ನೇ ನೋಡುತ್ತಿದ್ದರು. ನೋಡುತ್ತಿದ್ದವರಲ್ಲಿ ಸ್ವಪ್ನಳೂ ಇದ್ದಳು.

"ಅವಳವ್ವ," ಅಂದ.

"ಹಂಗಾದ್ರೆ ಹೋಗಿ ಆ ತಾಯಿಗೆ ಹೇಳು. ಇನ್ನೊಂದು ಸಲ ಎದೆಗೆ ಹಾಲು ಇಳಿದ್ರೆ ಈ ಮಗು ಚಳಿಗಾಲ ದಾಟಲ್ಲ. ದೀಪಾವಳಿ ಹೊತ್ತಿಗೆ ಒಂದು ಕೇಜಿನಾದ್ರೂ ಏರಬೇಕು. ಇಲ್ಲಾಂದ್ರೆ ನನ್ನ ಕೈಯಲ್ಲೂ ಇಲ್ಲ."

ಎದೆಗೆ ಹತ್ತು ದಿನದ ಔಷಧ ಬರೆದುಕೊಟ್ಟರು. ಬುಶ್ರಾ ಅವನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಸ್ವಪ್ನಳನ್ನು ತನ್ನ ತೊಡೆಯ ಮೇಲೆ ಕೂರಿಸಿಕೊಂಡು, ಸೊಂಟ ಮಡಚಿಸಿ, ಬೆನ್ನಿಗೆ ತೋಳು ಕೊಟ್ಟು, ಗದ್ದವನ್ನು ಎದೆಯ ಕಡೆಗೆ ಸ್ವಲ್ಪ ತಗ್ಗಿಸಿದಳು. "ನೋಡಿ ಅಣ್ಣಾ, ತಲೆ ಹಿಂಗೆ ಮುಂದಕ್ಕೆ. ಗಂಜಿ ಗಟ್ಟಿಯಾಗಿರ್ಲಿ, ನೀರು ನೀರು ಬೇಡ. ಚಮಚ ಮೇಲಿಂದ ಬರಬಾರದು, ಎದುರಿಂದ, ಕೆಳಗಿಂದ ಬರಬೇಕು. ನಾಲಿಗೆ ಮೇಲೆ ಇಟ್ಟು ಒಂಚೂರು ಒತ್ತಿ. ನುಂಗೋವರೆಗೂ ಕಾಯಿರಿ. ಮುಕ್ಕಾಲು ಗಂಟೆ ಆಗುತ್ತೆ, ಆಗ್ಲಿ." ಪಾತಮ್ಮ ಇಟ್ಟಿದ್ದ ಬಟ್ಟಲಲ್ಲೇ ರಾಗಿ ಸರಿ ಹಾಕಿ, ಪಾತಮ್ಮ ಇಟ್ಟಿದ್ದ ಚಮಚವನ್ನೇ ಎತ್ತಿಕೊಂಡಳು. ಚಮಚದ ಅಂಚು ಒಂದು ಕಡೆ ಸವೆದಿತ್ತು. ಸ್ವಪ್ನ ಚಮಚ ಕಂಡಳು, ಬಿಗಿದ ಕತ್ತು ಸಡಿಲವಾಯಿತು, ಬಾಯಿ ತೆರೆಯಿತು. ಒಂದು ಚಮಚ. ಇನ್ನೊಂದು. ಕೆಮ್ಮಲಿಲ್ಲ. ಬಟ್ಟಲು ಖಾಲಿಯಾಗುವವರೆಗೆ ಒಂದು ಸಲವೂ ಕೆಮ್ಮಲಿಲ್ಲ. ಕೊನೆಯಲ್ಲಿ ನಕ್ಕಳು, ಹಲ್ಲಿಗೆಲ್ಲ ರಾಗಿ ಮೆತ್ತಿಕೊಂಡು.

"ಇವಳಿಗೆ ಚಮಚ ಅಭ್ಯಾಸ ಇದೆಯಲ್ಲಣ್ಣಾ. ಮನೇಲಿ ಯಾರೋ ಕಲಿಸಿದ್ದಾರೆ," ಅಂದಳು ಬುಶ್ರಾ.

"ಇಲ್ಲಮ್ಮ. ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ ಇದು," ಅಂದ.

ವಾಪಸು ಬರುವಾಗ ಬಿ.ಜಿ. ಕೆರೆಯಲ್ಲಿ ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದರು. ಬೇವಿನ ಮರದ ನೆರಳಲ್ಲಿ ಕೂತು, ಬಾಳೆಹಣ್ಣು ಕೊಂಡು, ಬಟ್ಟಲಲ್ಲಿ ಕಿವುಚಿದ. ಬುಶ್ರಾ ಕೂರಿಸಿದಂತೆಯೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡ. ಸೊಂಟ ಮಡಚಿದ. ಗದ್ದ ತಗ್ಗಿಸಲು ಕೈ ಹತ್ತಿರ ತಂದ. ಸ್ವಪ್ನಳ ಮೈಯೆಲ್ಲ ಒಮ್ಮೆಲೇ ಕೊರಡಾಯಿತು. ಹಲ್ಲು ಕಚ್ಚಿದಳು. ಕಣ್ಣು ಅವನ ಬೆರಳ ಮೇಲೇ ನೆಟ್ಟು ನಿಂತಿತು. ಕೈ ಹಿಂದಕ್ಕೆ ತೆಗೆದ, ಸಡಿಲವಾದಳು. ಮತ್ತೆ ತಂದ, ಮತ್ತೆ ಕೊರಡು. "ಆ ಅನ್ನವ್ವಾ, ಆ ಅನ್ನು, ಹಣ್ಣು ಕಣೇ." ಚಮಚವನ್ನು ಹಲ್ಲಿಗೆ ಒತ್ತಿದ. ಅವಳು ಮೂಗಿನಲ್ಲಿ ಸುಂಯ್ ಅಂತ ಉಸಿರೆಳೆದು, ಕಣ್ಣಲ್ಲಿ ನೀರು ತಂದುಕೊಂಡಳು, ಬಾಯಿ ಮಾತ್ರ ಬಿಡಲಿಲ್ಲ. ಆ ಹುಡುಗಿಗೆ ತೆಗೀತೀಯ, ನನಗೆ ತೆಗೆಯಲ್ವಾ ಅಂತ ಸಿಟ್ಟು ನೆತ್ತಿಗೇರಿ ಗದ್ದವನ್ನು ಹಿಡಿದೇ ಹಿಡಿದ. ಹೆಬ್ಬೆರಳು ಹೋಗಿ ದವಡೆಯ ಸಂದಿಯಲ್ಲಿ ಕೂತಿತು, ಮರಿಯ ಬಾಯಿ ಬಿಡಿಸುವ ಜಾಗದಲ್ಲಿ. ಅಲ್ಲಿ ಒಂದು ಗಟ್ಟಿ ಕಲೆಯಿತ್ತು, ಕಾಳಿನಷ್ಟು. ನಾಲ್ಕೈದು ವರ್ಷ ಅದೇ ಬೆರಳು ಅದೇ ಜಾಗದಲ್ಲಿ ಕೂತಿದ್ದ ಗುರುತು. ಕೈಬಿಟ್ಟ. ಹಣ್ಣನ್ನು ಅಲ್ಲೇ ಇದ್ದ ಮೇಕೆಯ ಮುಂದೆ ಸುರಿದು, ರೋಗ ಇದು, ರೋಗಕ್ಕೆ ಯಾರೇನು ಮಾಡೋಕಾಗುತ್ತೆ ಅಂತ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದನ್ನು ನಂಬಲಿಕ್ಕೆ ಆಗಲಿಲ್ಲ.

ಪಾತಮ್ಮನಿಗೆ ಏನು ಹೇಳುವುದು? ಗೊಟ್ಟ ಬೇಡವಂತೆ ಅಂದರೆ ಸಾಕು. ಅವಳು ಅಳುತ್ತಾಳೆ, ಇಷ್ಟು ವರ್ಷ ನನ್ನ ಕೈಯಾರೆ ಕೂಸನ್ನ ಒಣಗಿಸಿದೆನಾ ಅನ್ನುತ್ತಾಳೆ. ಅತ್ತರೆ ಸಮಾಧಾನ ಮಾಡಬಹುದು, ನಿನಗೇನು ಗೊತ್ತಿತ್ತು ಬಿಡು ಅಂತ. ಹಾಗೆ ಸಮಾಧಾನ ಮಾಡುತ್ತಿರುವ ತನ್ನನ್ನು ನೆನೆಸಿಕೊಂಡು ಥೂ ಅಂತ ಉಗಿದ.

ದೀಪ ಹಚ್ಚುವ ಹೊತ್ತಿಗೆ ಹಟ್ಟಿ ಸೇರಿದ. ಪಾತಮ್ಮ ಕಾಲು ಚಾಚಿಕೊಂಡು ಅದೇ ಬಾಗಿಲಲ್ಲಿ ಕೂತಿದ್ದಳು. ಮಗಳನ್ನು ಇಸಿದುಕೊಂಡು ಮುತ್ತಿಟ್ಟಳು. "ಏನಂದ್ರು?"

"ಒಂಬತ್ತೂ ಕಾಲು ಐತೆ ಅಂದ್ರು. ಸಾಲ್ದು. ಗೊಟ್ಟ ಬ್ಯಾಡ ಅಂದ್ರು."

"ಹೂಂ."

"ಎದೆಗೆ ಇಳೀತೈತಂತೆ. ದೀಪಾವಳಿಗೆ ಒಂದು ಕೇಜಿ ಏರ್ಲಿಲ್ಲ ಅಂದ್ರೆ ಉಳಿಯಲ್ಲ ಅಂದ್ರು."

"ಹೂಂ."

ಅವಳು ಅಳಲಿಲ್ಲ. ಅದು ಅವನಿಗೆ ಹೊರಲಾಗದ ಭಾರವಾಯಿತು. ಕಂಬಕ್ಕೆ ಒರಗಿ ಕೂತ. "ಯಾರು ಕಲ್ಸಿದ್ದು ಅಂತ ಕೇಳಿದ್ರು, ಅಷ್ಟು ಜನದ ಮುಂದೆ. ನಿನ್ನ ಹೆಸರು ಹೇಳಿಬಿಟ್ಟೆ ಪಾತೀ." ಬೈಯಲಿ, ಉಗಿಯಲಿ ಅಂತ ಕಾದ. "ಮಾಡಿದ್ದು ನಾನು. ಹೇಳಿದ್ದು ನಿನ್ನ ಮ್ಯಾಲೆ."

ಪಾತಮ್ಮ ಬಟ್ಟಲಲ್ಲಿ ಹಾಲು, ಮುದ್ದೆ ಕಿವುಚುತ್ತಿದ್ದವಳು ಕೈ ನಿಲ್ಲಿಸದೆ ಹೇಳಿದಳು. "ಹೇಳಿದ್ರೆ ಹೇಳ್ದೆ. ನಾನು ಗೊಟ್ಟದಾಗೆ ಕುಡಿಸಿ ಎರಡು ವರ್ಷ ಆಯ್ತು."

ಅವನಿಗೆ ತಿಳಿಯಲಿಲ್ಲ. "ದಿನಾ ಬೆಳಿಗ್ಗೆ, ಸಂಜೆ..."

"ಅದು ನೀನು ಹಾಕೋದು. ನಾನು ಹಿಡ್ಕಂತೀನಿ, ಅಷ್ಟೇ. ನೀನು ಸಿರುಗುಪ್ಪದ ಗದ್ದೆ ಕಡೆ ಕುರಿ ಹೊಡ್ಕಂಡು ಹೋದ ದಿನವೇ ಗೊಟ್ಟ ಸೂರಿಗೆ ಸಿಗಿಸಿಬಿಡ್ತೀನಿ. ನೀನು ಬರೋ ಸುದ್ದಿ ಬಂದ ದಿನ ತೆಗೆದು ಗೂಡಿಗಿಡ್ತೀನಿ. ನೀನಿಲ್ದಾಗ ಅವಳು ಈ ಚಮಚದಾಗೇ ಉಣ್ಣೋದು. ಯುಗಾದಿಗೆ ಮಿಸ್ಸು ತೂಗಿದಾಗ ಹನ್ನೊಂದು ಇದ್ಲು. ಹನ್ನೊಂದರ ಮ್ಯಾಲೂ ಇತ್ತು ಅಂದ್ರು ಮಿಸ್ಸು."

ಕ್ಯಾತಣ್ಣ ಮುಂಗಾರು ಬಿದ್ದ ಮೇಲೆ ಹಟ್ಟಿಗೆ ಬಂದಿದ್ದ. ಈಗ ಭಾದ್ರಪದ, ಮೂರು ತಿಂಗಳಾಗಿತ್ತು.

"ಬೆಳಿಗ್ಗೆ ನೀನು ಗೊಟ್ಟ ಹಾಕಿದ್ರೆ ಹೆದರಿ ಮಧ್ಯಾಹ್ನಕ್ಕೂ ಬಾಯಿ ತೆಗೆಯಲ್ಲ," ಅಂದಳು ಪಾತಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ; ಬಾವಿಯಲ್ಲಿ ನೀರು ಎಷ್ಟಿದೆ ಅಂತ ಹೇಳುವವರ ಹಾಗೆ ಹೇಳುತ್ತಿದ್ದಳು.

"ಒಂದು ಮಾತು ಹೇಳಬಾರದಿತ್ತೇನೇ ನನಗೆ!"

"ಹೇಳಿದ್ನಲ್ಲ. ಒಂದ್ಸಲ."

ಅವನು ಎದ್ದ. ಗೊಟ್ಟವನ್ನು ಚೀಲದಿಂದ ತೆಗೆದು ಒಲೆಯ ಬೆಂಕಿಗೆ ತುರುಕಿದ. ಎಣ್ಣೆ ಕುಡಿದ ಬಿದಿರು ಚಟಚಟ ಅಂತ ಹತ್ತಿಕೊಂಡಿತು. ಬಂದು ಪಾತಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು, "ಕೊಡು, ನಾನು ಉಣ್ಸಿ ನೋಡ್ತೀನಿ," ಅಂತ ಚಮಚ ಇಸಿದುಕೊಂಡ. ಎದುರಿಂದ, ಕೆಳಗಿಂದ, ನಿಧಾನಕ್ಕೆ ಕೈ ಚಾಚಿದ. ಗದ್ದ ಮುಟ್ಟಲಿಲ್ಲ, ಮುಟ್ಟುವ ಯೋಚನೆಯನ್ನೂ ಮಾಡಲಿಲ್ಲ. ಅಷ್ಟು ದೂರದಿಂದಲೇ ಸ್ವಪ್ನ ಹಲ್ಲು ಕಚ್ಚಿದಳು. ಅವ್ವನ ತೊಡೆಯ ಮೇಲೆ ಕೂತೇ ಬೆನ್ನು ಬಿಲ್ಲಾಯಿತು. ಅವನು ಕೈ ಹಾಗೇ ಹಿಡಿದು ಕಾದ, ಬುಶ್ರಾ ಹೇಳಿದ ಹಾಗೆ. ಮುದ್ದೆಯ ಹಾಲು ಚಮಚದಿಂದ ತೊಟ್ಟಿಕ್ಕಿತು. ಮಗಳು ಅವನ ಕೈಯನ್ನೇ ನೋಡುತ್ತಿದ್ದಳು.

ಚಮಚವನ್ನು ಪಾತಮ್ಮನಿಗೆ ವಾಪಸು ಕೊಟ್ಟ. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. ಅದಕ್ಕೂ ಮುಂಚೆ ಯಾವ ಹಟ್ಟಿಯವರೂ ಕುರಿ ಎಬ್ಬಿಸಿ ಹೊರಡುವುದಿಲ್ಲ, ಗದ್ದೆ ಕಟಾವಾಗದೆ ಕುರಿಯನ್ನು ಯಾರೂ ಒಳಗೆ ಬಿಡುವುದೂ ಇಲ್ಲ.

"ಈ ಸಲ ಬೇಗ ಹೊರಡ್ಲಾ ಕುರಿ ಹೊಡ್ಕಂಡು?" ಅಂದ ಕ್ಯಾತಣ್ಣ. "ನಾಳೆ, ನಾಡಿದ್ದು?"

ಬೇಡ ಅನ್ನುತ್ತಾಳೇನೋ ಅಂತ ಅವಳ ಮುಖ ನೋಡಿದ. ಪಾತಮ್ಮ ಮಗಳ ಬೆನ್ನು ನೀವುತ್ತ, ಬಿಗಿ ಇಳಿಯುವವರೆಗೆ ಕಾದು, ಚಮಚ ತುಂಬಿಸಿಕೊಂಡಳು. ಸ್ವಪ್ನ ಬಾಯಿ ತೆರೆದಳು.

"ದಾರಿಗೆ ರೊಟ್ಟಿ ಮಾಡಿಡ್ತೀನಿ," ಅಂದಳು ಪಾತಮ್ಮ.